ರಾಜ್ಯಪಾಲರ ತಂಗಿ ಬರೆದ ಕಾಗದ

ಅಣ್ಣ ರಾಜ್ಯಪಾಲನಾದ ಸುದ್ದಿ ಟೀವಿಯಲ್ಲಿ ಬರುವಾಗ ಪರಿಮಳಾ ದೋಸೆ ಎರೆಯುತ್ತಿದ್ದಳು. ಆ ದೋಸೆ ಕರಕಲಾಗಿ ಹೋಯಿತು ಎಂಬುದನ್ನು ಆಮೇಲೆ ಸಿದ್ದಾಪುರ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದಳು. ಹೇಳದೆ ಮತ್ತೇನು ಮಾಡುತ್ತಾಳೆ? ಊರಿನವರು ಮಂತ್ರಿಗಳನ್ನು ಕಂಡಿದ್ದರು, ಸ್ವಾಮಿಗಳನ್ನು ಕಂಡಿದ್ದರು, ರಾಜ್ಯಪಾಲರ ಒಡಹುಟ್ಟಿದವಳನ್ನು ಕಂಡಿರಲಿಲ್ಲ. ಹೈಕೋರ್ಟಿನಲ್ಲಿ ಹದಿನಾಲ್ಕು ವರ್ಷ ನ್ಯಾಯಾಧೀಶರಾಗಿದ್ದು, ನಿವೃತ್ತರಾಗಿ, ಬೆಂಗಳೂರಿನಲ್ಲಿ ತಮ್ಮಷ್ಟಕ್ಕೆ ಪುಸ್ತಕ ಓದಿಕೊಂಡಿದ್ದ ವಿಘ್ನೇಶ್ವರ ಭಟ್ಟರನ್ನು ದಿಲ್ಲಿಯವರು ಹುಡುಕಿ ತೆಗೆದು, ರೈಲಿನಲ್ಲಿ ಎರಡು ದಿನದ ದೂರವಿರುವ ಒಂದು ರಾಜ್ಯಕ್ಕೆ ಕಳಿಸಿದ್ದರು. ಬಸ್ ಸ್ಟ್ಯಾಂಡಿನ ಎದುರು ಅಭಿನಂದನೆಯ ಬ್ಯಾನರು ಎದ್ದಿತು. ಅದರಲ್ಲಿ ಭಟ್ಟರ ಫೋಟೋಕ್ಕಿಂತ ಹಾಕಿಸಿದವರ ಫೋಟೋ ದೊಡ್ಡದಿತ್ತು. ಅದು ಎಲ್ಲ ಕಡೆ ಇದ್ದದ್ದೇ.

ಅಂದು ಸಂಜೆ ಅಣ್ಣನೇ ಫೋನು ಮಾಡಿದ. ನಗುತ್ತಲೇ ಮನೆಮಾತಿನಲ್ಲಿ ಒಂದು ಮಾತು ಹೇಳಿದ. "ಇಷ್ಟು ವರ್ಷ ತೀರ್ಪು ಆನೇ ಬರೆದು ಆನೇ ಸಹಿ ಹಾಕ್ತಿದ್ದಿ ತಂಗಿ. ಇನ್ನು ಮೇಲೆ ಬೇರೆಯವ್ವು ಬರೆದಿದ್ದಕ್ಕೆ ಸಹಿ ಹಾಕದು, ಅಷ್ಟೇಯ." ಪರಿಮಳಾ ನಕ್ಕಳು. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ರಾಜ್ಯಪಾಲ ಎಂದರೆ ಮುಖ್ಯಮಂತ್ರಿಗೂ ಪ್ರಮಾಣವಚನ ಬೋಧಿಸುವವನು, ಅವನಿಗಿಂತ ಮೇಲೆ ಇನ್ನು ಯಾರು ಎಂದು ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು ಅವಳು.

ಭಟ್ಟರದ್ದು ಒಂದು ಪದ್ಧತಿ ಇತ್ತು. ಜಡ್ಜರಾದ ಮೇಲೆ ಈ ಕಡೆಯ ಮದುವೆ, ಮುಂಜಿ ಎಲ್ಲ ಬಿಟ್ಟುಬಿಟ್ಟಿದ್ದರು; ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವನದು ಯಾವ ದಾವೆ ಇದೆಯೋ ಯಾರು ಕಂಡರು ಎಂದು. ಯಾರು ಬಾಯಿ ತೆರೆದರೂ ಮೊದಲು ಕೇಳುವುದು ಒಂದೇ ಮಾತು, ಅದು ಕೋರ್ಟಿನಲ್ಲಿ ಇದೆಯೋ ಎಂದು. ಇದೆ ಅಂದರೆ ಮಾತು ಅಲ್ಲಿಗೆ ಮುಗಿಯಿತು. ಪರಿಮಳಾಳ ಬಡ್ತಿಯ ತಕರಾರು ಕೋರ್ಟಿನಲ್ಲಿ ಆರು ವರ್ಷ ಕೊಳೆತಾಗಲೂ ಅವರು ತುಟಿ ಬಿಚ್ಚಲಿಲ್ಲ. ಇವಳಿಗೆ ಸಿಟ್ಟೂ ಬರಲಿಲ್ಲ. ಗಂಡ ತೀರಿಕೊಂಡು, ಮಕ್ಕಳೂ ಇಲ್ಲದೆ ಒಂಟಿಯಾಗಿದ್ದವಳಿಗೆ ಹೆಮ್ಮೆ ಅಂತ ಇದ್ದದ್ದು ಆ ಅಣ್ಣನೊಬ್ಬನೇ, ಹಾಗಾಗಿ ಅದನ್ನೂ ಮಾಸ್ತರರ ಕೋಣೆಯಲ್ಲಿ ಹೇಳಿಕೊಂಡು ಮೆರೆದಳು. ಅಣ್ಣನ ಆ ಒಂದು ಪ್ರಶ್ನೆ ಅವಳಿಗೆ ಬಾಯಿಪಾಠವಾಗಿತ್ತು. ಅನಾಹುತ ಆದದ್ದು ಅದರಿಂದಲೇ.

ಕೋಲಸಿರ್ಸಿಯ ದ್ಯಾವಮ್ಮ ದಿನಾ ಬೆಳಿಗ್ಗೆ ಬಸ್ಸಿಗೆ ಬಂದು ಪೇಟೆಯ ಮನೆಗಳಿಗೆ ಹರಿವೆ, ಬಸಳೆ, ಮೊಗೆಕಾಯಿ ಮಾರಿ, ಕೊನೆಗೆ ಪರಿಮಳಾಳ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಒಂದು ಲೋಟ ಚಾ ಕುಡಿದು ಹೋಗುವವಳು. ಎರಡು ಎಕರೆ ಗದ್ದೆ, ಒಬ್ಬನೇ ಮಗ. ಆ ಮಗ ಮಂಜ ಪರಿಮಳಾಳ ಶಾಲೆಯಲ್ಲೇ ಏಳನೆಯ ತರಗತಿಯವರೆಗೆ ಕಲಿತವನು. ಲೆಕ್ಕದಲ್ಲಿ ದಡ್ಡ, ಆದರೆ ಶಾಲೆಯ ಬಾವಿಗೆ ರಾಟೆ ಕೂರಿಸುವುದಿದ್ದರೆ ಅವನೇ ಆಗಬೇಕು. ಮುಂದೆ ಜೇಸಿಬಿ ಓಡಿಸಲು ಕಲಿತ. ರಸ್ತೆ ಕಂತ್ರಾಟಿನವನೊಬ್ಬ ಸಿದ್ದಾಪುರ, ಯಲ್ಲಾಪುರದ ಕಡೆಯ ಹತ್ತಾರು ಜನರನ್ನು ದೂರದ ರಾಜ್ಯಕ್ಕೆ ಕರೆದೊಯ್ದಾಗ ಇವನೂ ಹೋದ. ಅಲ್ಲಿ ಕೂಲಿಕಾರರ ಬಿಡಾರದಲ್ಲಿ ಗಲಾಟೆಯಾಗಿ ಮೇಸ್ತ್ರಿ ಸತ್ತ. ಹೊಡೆದವರು ಯಾರೋ, ಓಡಿದವರು ಯಾರೋ. ಪೊಲೀಸರಿಗೆ ಸಿಕ್ಕಿದವರು ಭಾಷೆ ಬಾರದ ಇಬ್ಬರು: ಮಂಜ, ಮತ್ತು ಯಲ್ಲಾಪುರದ ರಾಘು. ಮೂರು ವರ್ಷ ಕೇಸು ನಡೆದು ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು.

ಶಿಕ್ಷೆಯಾಗಿ ತಿಂಗಳೊಳಗೆ ಭಟ್ಟರು ಅದೇ ರಾಜ್ಯಕ್ಕೆ ರಾಜ್ಯಪಾಲರಾದರು. ದೇವರೇ ಕೂಡಿಸಿ ಕೊಟ್ಟದ್ದು ಎಂದು ಊರಿಗೆ ಊರೇ ಹೇಳಿತು. ರಾಜ್ಯಪಾಲರಿಗೆ ಕ್ಷಮೆ ಕೊಡುವ ಅಧಿಕಾರವಿದೆ ಎಂದು ಪೇಪರಿನಲ್ಲಿ ಓದಿದವರೂ ಸಿಕ್ಕಿದರು. ದ್ಯಾವಮ್ಮ ಮಾತ್ರ ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಚಾ ಮುಗಿದ ಮೇಲೂ ಲೋಟವನ್ನು ಹಿಡಿದುಕೊಂಡು ಬಸ್ಸಿನ ಹೊತ್ತಾಗುವವರೆಗೆ ಕೂತಳು, ಅಷ್ಟೆ. ಅದಕ್ಕಿಂತ ಹೆಚ್ಚು ಕೇಳುವುದು ಏನಿದೆ ಹೇಳಿ.

ಆ ಭಾನುವಾರ ಅಣ್ಣನ ಫೋನು ಬಂದಾಗ ಪರಿಮಳಾ ವಿಷಯ ಶುರು ಮಾಡಿದಳು. ಅವರು ಕೇಳಿದ್ದು ಅದೇ ಪ್ರಶ್ನೆ. ಮೇಲಿನ ಕೋರ್ಟಿಗೆ ಅಪೀಲು ಹಾಕುವುದಕ್ಕೆ ಸರ್ಕಾರದ ಖರ್ಚಿನಲ್ಲಿ ಅವರಿಗೆ ಕೊಟ್ಟ ವಕೀಲರು ಕಾಗದ ತಯಾರು ಮಾಡಿದ್ದಾರಂತೆ, ಇಬ್ಬರೂ ಸಹಿ ಹಾಕಬೇಕಂತೆ ಎಂದಳು. "ಕೋರ್ಟಿಗೆ ಸಂಬಂಧ ಪಟ್ಟಿದ್ದು ಎನ್ನ ಹತ್ರ ಮಾತಾಡಡ," ಎಂದು ತಡೆದವರೇ ಅವಳ ಮೊಣಕಾಲು ನೋವಿನ ಸಮಾಚಾರ ಕೇಳಿದರು.

ಪರಿಮಳಾ ಎರಡು ದಿನ ಯೋಚಿಸಿದಳು. ಕೋರ್ಟಿನಲ್ಲಿದ್ದರೆ ಅಣ್ಣ ಮುಟ್ಟುವುದಿಲ್ಲ. ಮುಟ್ಟಬೇಕೆಂದರೆ ಕೋರ್ಟಿನಲ್ಲಿ ಇರಬಾರದು. ಅಲ್ಲಿಗೆ ಅಪೀಲು ಹೋಗದಂತೆ ನೋಡಿಕೊಂಡರೆ ಅಣ್ಣನ ಕೈ ಬಿಡಿಸಿದ ಹಾಗಾಯಿತು. ಜಡ್ಜರ ತಂಗಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು ಇಂಥ ಬುದ್ಧಿ! ಒಬ್ಬ ವಕೀಲನನ್ನು ಕೇಳಿದ್ದರೂ ಸಾಕಿತ್ತು. ಮನೆಯಿಂದ ನಾಲ್ಕು ಹೆಜ್ಜೆಗೆ ಒಬ್ಬ ವಕೀಲನ ಬೋರ್ಡು ಇತ್ತು. ಹೈಕೋರ್ಟ್ ಜಡ್ಜರ ತಂಗಿ ತಾಲೂಕಿನ ವಕೀಲನನ್ನು ಕೇಳುವುದು ಎಂದರೇನು ಎಂಬುದು ಅವಳ ಬಿಂಕ.

ದ್ಯಾವಮ್ಮನನ್ನು ಎದುರು ಕೂರಿಸಿಕೊಂಡು ಮಂಜನಿಗೆ ಕಾಗದ ಬರೆದಳು. ವಕೀಲರು ಕೊಟ್ಟದ್ದಕ್ಕೆ ಸಹಿ ಹಾಕಬೇಡ, ಇದರ ಜೊತೆ ನಾನು ಇಂಗ್ಲಿಷಿನಲ್ಲಿ ಬರೆದು ಇಟ್ಟ ಅರ್ಜಿಗೆ ಹಾಕು ಎಂದು. ನನಗೆ ಅಪೀಲು ಬೇಡ, ಮಾನ್ಯ ರಾಜ್ಯಪಾಲರ ದಯೆಯೊಂದೇ ನನಗೆ ಗತಿ ಎಂದು ಅರ್ಜಿಯಲ್ಲಿತ್ತು. ಯಲ್ಲಾಪುರದಲ್ಲಿ ರಾಘುವಿನ ಮನೆಯವರಿಗೂ ಫೋನು ಮಾಡಿ ಹೀಗೇ ಮಾಡಿ ಎಂದಳು. ಅವನ ಅಣ್ಣ, ನಮಗೆ ದೊಡ್ಡವರ ಗುರುತು ಇಲ್ಲ ಅಕ್ಕೋರೇ, ನಾವು ಕೋರ್ಟಿಗೇ ಹೋಗುತ್ತೇವೆ ಎಂದ. ತಿಳಿವಳಿಕೆ ಸಾಲದು ಎಂದು ಪರಿಮಳಾ ಫೋನು ಇಟ್ಟಳು. ಮೂರು ವಾರಕ್ಕೆ ಮಂಜನ ಉತ್ತರ ಬಂತು: "ಅಕ್ಕೋರೇ, ನೀವು ಹೇಳಿದ ಹಾಗೇ ಮಾಡಿದ್ದೇನೆ. ವಕೀಲರು ಬೈದರು. ನೀವು ಬರೆದದ್ದು ತಪ್ಪಾಗುವುದಿಲ್ಲ ಎಂದು ಅವರಿಗೆ ಹೇಳಿದೆ."

ರಾಜಭವನದಿಂದ ಸಿಂಹದ ಮುದ್ರೆಯ ಕಾಗದವೂ ಬಂತು. ಅರ್ಜಿಯನ್ನು ಮುಂದಿನ ಕ್ರಮಕ್ಕಾಗಿ ಗೃಹ ಇಲಾಖೆಗೆ ಕಳಿಸಲಾಗಿದೆ ಎಂಬ ಎರಡು ಸಾಲು. ಅಂಥ ಕಾಗದ ದಿನಕ್ಕೆ ನೂರು ಹೋಗುತ್ತವೆ. ಪರಿಮಳಾ ಅದನ್ನು ದ್ಯಾವಮ್ಮನಿಗೆ ಮೂರು ಸಲ ಓದಿ ಹೇಳಿದಳು. ವರ್ಷ ಕಳೆದ ಮೇಲೆ ಪೊಲೀಸರು ಕೋಲಸಿರ್ಸಿಗೆ ಬಂದು ಮಂಜನ ನಡತೆ ಹೇಗಿತ್ತು ಎಂದು ಅಕ್ಕಪಕ್ಕದವರನ್ನು ವಿಚಾರಿಸಿದರು. ಮಗ ಬಂದೇಬಿಟ್ಟ ಎಂದು ದ್ಯಾವಮ್ಮ ಅವರಿಗೆ ಬಾಳೆಹಣ್ಣು, ಚಾ ಕೊಟ್ಟು, ಅವರು ಹೋದ ಮಾರನೆಯ ದಿನವೇ ಮನೆಗೆ ಸುಣ್ಣ ಹೊಡೆಸಿದಳು. ಆಗೊಮ್ಮೆ ಪರಿಮಳಾ ಧೈರ್ಯ ಮಾಡಿ ಅಣ್ಣನಿಗೆ, ಆ ಹುಡುಗನ ವಿಷಯ ಈಗ ಕೋರ್ಟಿನಲ್ಲಿ ಇಲ್ಲ ಎಂದಳು. ಅರ್ಜಿ ಅದರ ದಾರಿಯಲ್ಲಿ ಬರುತ್ತದೆ, ನೀನು ಮಾತಾಡಬೇಡ ಎಂದರು ಭಟ್ಟರು. ಅದನ್ನು ಅವಳು ಭರವಸೆ ಎಂದು ತಿಳಿದಳು.

ಈ ವರ್ಷ ಶಿವರಾತ್ರಿ ಕಳೆದು ಒಂದು ವಾರಕ್ಕೆ, ಮಧ್ಯಾಹ್ನ, ಒಬ್ಬ ತೆಳ್ಳನೆಯ ಮನುಷ್ಯ ಬಂದು ಪರಿಮಳಾಳ ಜಗಲಿಯ ಕೆಳಗೆ ನಿಂತ. ಯಲ್ಲಾಪುರದ ರಾಘು ಎಂದು ಹೇಳಿಕೊಂಡ. ಅಪೀಲಿನಲ್ಲಿ ಗೆದ್ದು ಬಂದಿದ್ದ. ಸಾಕ್ಷಿ ಹೇಳಿದವರು ಗಲಾಟೆಯ ಹೊತ್ತಿಗೆ ಅಲ್ಲಿ ಇರಲೇ ಇಲ್ಲ ಎಂದು ಮೇಲಿನ ಕೋರ್ಟು ಕಂಡುಕೊಂಡಿತಂತೆ. ಇನ್ನೊಬ್ಬ ಆರೋಪಿ ಯಾಕೆ ಅಪೀಲು ಹಾಕಿಲ್ಲ ಎಂದು ಅಲ್ಲಿಯ ಜಡ್ಜರು ಕೇಳಿದ್ದಕ್ಕೆ, ಅವನೇ ಬೇಡ ಎಂದು ಬರೆದುಕೊಟ್ಟಿದ್ದಾನೆ ಎಂದು ವಕೀಲರು ಹೇಳಿದರಂತೆ. ಮಂಜನಿಗೆ ಮೈ ಸರಿ ಇಲ್ಲ, ಕಣ್ಣು ಹಳದಿಯಾಗಿದೆ, ಅಕ್ಕೋರ ಅಣ್ಣನ ಕಾಗದ ಯಾವಾಗ ಬರುತ್ತದೆ ಎಂದು ದಿನಾ ಕೇಳುತ್ತಿದ್ದ ಎಂದೂ ಹೇಳಿದ. ಅವನ ಅಬ್ಬೆಯನ್ನು ಕಂಡು ಹೋಗುತ್ತೇನೆ, ಕೋಲಸಿರ್ಸಿಯಲ್ಲಿ ಮನೆ ಎಲ್ಲಿ ಎಂದು ಕೇಳಿದ.

ಪರಿಮಳಾಳಿಗೆ ತಾನು ಮಾಡಿದ್ದು ಏನು ಎಂಬುದು ಆ ಕ್ಷಣಕ್ಕೆ ಪೂರ್ತಿ ಅರ್ಥವಾಯಿತು. ಅರ್ಥವಾದ ಮೇಲೆ ಏನು ಮಾಡಬೇಕಿತ್ತು? ಅಂದೇ ವಕೀಲರಿಗೆ ಫೋನು ಮಾಡಿ, ತಡವಾದರೂ ಆಗಲಿ, ಮಂಜನದ್ದೂ ಅಪೀಲು ಹಾಕಿಸಬೇಕಿತ್ತು. ಅವಳು ಮಾಡಿದ್ದು ಬೇರೆ. ಇನ್ನು ಎರಡೇ ತಿಂಗಳಿಗೆ ಊರಿನ ಸನ್ಮಾನಕ್ಕೆ ಅಣ್ಣ ಬರುತ್ತಾನೆ, ಎಲ್ಲ ಸರಿಮಾಡುತ್ತಾನೆ, ನಿನ್ನನ್ನು ಕಂಡರೆ ಆ ತಾಯಿಯ ಹೊಟ್ಟೆ ಉರಿದುಹೋಗುತ್ತದೆ, ಈಗ ಹೋಗಬೇಡ ಎಂದು ರಾಘುವಿಗೆ ಊಟ ಹಾಕಿ, ತಾನೇ ಜೊತೆಗೆ ಹೋಗಿ ಸಿರಸಿಯ ಬಸ್ಸು ಹತ್ತಿಸಿ ಬಂದಳು. ಎಪ್ಪತ್ತರ ಹೆಂಗಸಿಗೆ ನಾಚಿಕೆ ಎಂಬುದು ಅಷ್ಟೊಂದು ಕೆಲಸ ಮಾಡಿಸುತ್ತದೆ ಎಂದು ಯಾರು ಎಣಿಸಿದ್ದರು. ಮಾರನೆಯ ಬೆಳಿಗ್ಗೆ ದ್ಯಾವಮ್ಮ ಬಸಳೆ ತಂದಳು. ಪರಿಮಳಾ ಚಾ ಕೊಟ್ಟಳು.

ಎರಡು ತಿಂಗಳು ಎಂದದ್ದು ಮೂರಾಯಿತು. ಮೇ ಕೊನೆಗೆ ಭಟ್ಟರು ಬಂದರು. ಊರಿನ ಸನ್ಮಾನ ಸಂಜೆ ಐದಕ್ಕೆ. ಅದಕ್ಕೆ ಮೊದಲು ತಂಗಿಯ ಮನೆಯಲ್ಲಿ ಇಪ್ಪತ್ತು ನಿಮಿಷ ಎಂದು ಮುದ್ರಿಸಿದ ಕಾರ್ಯಕ್ರಮದಲ್ಲೇ ಇತ್ತು. ಬೆಳಿಗ್ಗೆಯೇ ಪೊಲೀಸ್ ನಾಯಿ ಬಂದು ಅಕ್ಕಿ ಡಬ್ಬಿಯನ್ನು ಮೂಸಿತು. ಅಣ್ಣನಿಗೆ ಮಾಡಿದ ಚಾವನ್ನು ಮೊದಲು ಒಬ್ಬ ಡಾಕ್ಟರು ಕುಡಿದು ನೋಡಿದ. ಎದುರಿನ ರಸ್ತೆಗೆ ಎರಡೂ ಬದಿಗೆ ಹಗ್ಗ ಕಟ್ಟಿದರು. ದ್ಯಾವಮ್ಮ ಆಧಾರ್ ಕಾರ್ಡು ತೋರಿಸಿ, ಹಸಿರು ಸೀರೆಯುಟ್ಟು, ಹಿತ್ತಿಲ ಮೆಟ್ಟಿಲ ಮೇಲೆ ಬಂದು ಕೂತಿದ್ದಳು. ರಾಜ್ಯಪಾಲರಿಗೆ ಒಮ್ಮೆ ಕೈಮುಗಿಯಬೇಕು, ಬೇರೆ ಏನೂ ಕೇಳುವುದಿಲ್ಲ ಎಂದಿದ್ದಳು.

ಭಟ್ಟರು ಒಳಗೆ ಬಂದವರೇ ಜೊತೆಗಿದ್ದ ಅಧಿಕಾರಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಚಾ ಮುಟ್ಟಲಿಲ್ಲ. ಅರ್ಜಿ ತನ್ನ ಮೇಜಿಗೆ ಬಂದದ್ದು ಏಪ್ರಿಲಿನಲ್ಲಿ ಎಂದರು. ತಿರಸ್ಕರಿಸಬೇಕು ಎಂದು ಅಲ್ಲಿಯ ಮಂತ್ರಿಮಂಡಳ ಬರೆದು ಕಳಿಸಿತ್ತು. ಅವರು ಬರೆದ ಹಾಗೆ ಸಹಿ ಹಾಕಬೇಕು. ತನಗಿರುವುದು ಒಂದೇ, ಇನ್ನೊಮ್ಮೆ ನೋಡಿ ಎಂದು ಒಂದು ಸಲ ವಾಪಸು ಕಳಿಸಬಹುದು. ಕೇಸಿನ ಸಾರಾಂಶ ಓದಿ ಸಾಕ್ಷಿ ಪೊಳ್ಳು ಅನಿಸಿ, ವಾಪಸು ಕಳಿಸಲೆಂದು ಪೆನ್ನು ತೆಗೆದದ್ದೂ ಹೌದು. ಆಗ ಟಿಪ್ಪಣಿಯ ಒಂದು ಸಾಲು ಕಣ್ಣಿಗೆ ಬಿತ್ತು. ಕೈದಿ ತನ್ನ ಸ್ವಂತ ಇಚ್ಛೆಯಿಂದ ಅಪೀಲು ಬೇಡ ಎಂದಿದ್ದಾನೆ ಎಂದು ಅಲ್ಲಿತ್ತು; ಇನ್ನೊಬ್ಬ ಆರೋಪಿ ಬಿಡುಗಡೆಯಾದದ್ದು ಆ ಟಿಪ್ಪಣಿಯಲ್ಲಿ ಇರಲಿಲ್ಲ. ಅಷ್ಟು ವರ್ಷದ ನೌಕರಿಯಲ್ಲಿ, ತಪ್ಪು ಮಾಡದವನು ಅಪೀಲು ಬೇಡ ಎಂದದ್ದನ್ನು ಭಟ್ಟರು ಕಂಡಿರಲಿಲ್ಲ. ಸಹಿ ಹಾಕಿದರು.

"ಎಂತಕ್ಕೆ ಬೇಡ ಅಂದ ಹೇಳಿ ಇವತ್ತಿಗೂ ಅರ್ಥ ಆಯ್ದಿಲ್ಲೆ," ಎಂದರು.

"ಆನು ಬರೆಸಿದ್ದು ಅಣ್ಣ," ಎಂದಳು ಪರಿಮಳಾ. "ಕೋರ್ಟಲ್ಲಿ ಇದ್ರೆ ನೀ ಮಾತಾಡ್ತಿಲ್ಲೆ ಹೇಳಿ."

ಭಟ್ಟರು ಅವಳನ್ನೇ ನೋಡಿದರು. ಕಟಕಟೆಯಲ್ಲಿ ನಿಂತವರನ್ನು ಹೇಗೆ ನೋಡುತ್ತಿದ್ದರೋ ಅವಳಿಗೆ ಗೊತ್ತಿಲ್ಲ. ಹೀಗೆ ಮಾತ್ರ ಇರಲಿಕ್ಕಿಲ್ಲ. ಪರಿಮಳಾ ರಾಘು ಬಂದದ್ದನ್ನೂ ಅವನನ್ನು ತಾನು ವಾಪಸು ಕಳಿಸಿದ್ದನ್ನೂ ಹೇಳಿ, ಈಗಲಾದರೂ ಅಪೀಲು ಹಾಕೋಣ, ರಾಘುವನ್ನು ಬಿಟ್ಟ ಮೇಲೆ ಮಂಜನನ್ನು ಬಿಡದೆ ಇರುತ್ತಾರೆಯೇ, ನಾಳೆಯೇ ವಕೀಲರ ಹತ್ತಿರ ಹೋಗುತ್ತೇನೆ ಎಂದು ಅವರ ಕೈ ಹಿಡಿದುಕೊಂಡಳು. ಒಂದೇ ಉಸಿರಿಗೆ ಹೇಳಿದಳು, ನಿಂತರೆ ಅಳು ಬರುತ್ತದೆ ಎಂದು.

"ಹುಡುಗ ಇಲ್ಲೆ ತಂಗಿ," ಎಂದರು ಭಟ್ಟರು. "ಬುಧವಾರ ತೀರಿಹೋದ."

ಜೈಲಿನ ಆಸ್ಪತ್ರೆಯಲ್ಲಿ, ಕಾಮಾಲೆ ಏರಿ. ಅರ್ಜಿ ತಿರಸ್ಕಾರವಾದ ಕಾಗದ ಕೊಟ್ಟ ಮೇಲೆ ಅವನು ಔಷಧಿ ಸರಿಯಾಗಿ ತೆಗೆದುಕೊಳ್ಳಲಿಲ್ಲ ಎಂದು ವರದಿಯಲ್ಲಿ ಬರೆದಿದ್ದರು. ಸುದ್ದಿ ಸಿದ್ದಾಪುರದ ಠಾಣೆಗೆ ಗುರುವಾರವೇ ಬರಬೇಕಿತ್ತು. ಠಾಣೆಯವರು ಬಾಗಿಲಲ್ಲಿ ನಿಂತು ಹೇಳಿ ಹೋಗುವುದು ಬೇಡ, ಆ ತಾಯಿಗೆ ತಂಗಿಯೇ ಹೇಳಲಿ ಎಂದು ಭಟ್ಟರು ಅದನ್ನು ಶುಕ್ರವಾರದವರೆಗೆ, ಅಂದರೆ ಇಂದಿನವರೆಗೆ, ತಡೆಹಿಡಿಸಿದ್ದರು.

"ರಾಜ್ಯಪಾಲ ಆದಮೇಲೆ ಯಾರೂ ಬರೆದುಕೊಡದ್ದೇ ಆನೇ ಹೇಳಿ ಮಾಡ್ಸಿದ್ದು ಇದೊಂದೇಯ," ಎಂದರು. ತಾನೇ ಹಿತ್ತಿಲಿಗೆ ಹೋಗಿ ಹೇಳುತ್ತೇನೆ ಎಂದು ಎದ್ದರು. ಅಷ್ಟರಲ್ಲಿ ಹೊರಗಿನಿಂದ ಬಾಗಿಲು ತಟ್ಟಿದ ಸದ್ದಾಯಿತು, ಇಪ್ಪತ್ತು ನಿಮಿಷ ಆಗಿತ್ತು. ಪರಿಮಳಾ ಬೇಡ ಎಂದಳು. ನೀನು ಹೋಗು, ಇದು ನಾನು ಹೇಳಬೇಕಾದದ್ದು ಎಂದು ಅವರನ್ನು ಕಳಿಸಿದಳು.

ಹಿತ್ತಿಲಲ್ಲಿ ದ್ಯಾವಮ್ಮ ಎದ್ದು ನಿಂತಿದ್ದಳು. ಪರಿಮಳಾ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ತಾನೂ ಪಕ್ಕಕ್ಕೆ ಕೂತು, ಮಂಜ ಸತ್ತದ್ದನ್ನು ಹೇಳಿದಳು. ದ್ಯಾವಮ್ಮ ಕಿರುಚಲಿಲ್ಲ. ಯಾವಾಗ ಎಂದು ಕೇಳಿದಳು. ಬುಧವಾರ ಎಂದಾಗ, ಬುಧವಾರ ತಾನು ಸೊಸಾಯಿಟಿಗೆ ಹೋಗಿ ಮಗನಿಗೆಂದು ಹೊಸ ಚಾದರ ತಂದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡು ಬಗ್ಗಿದಳು. ಪರಿಮಳಾ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಉಳಿದದ್ದನ್ನೂ ಹೇಳಿದಳು. ಅಪೀಲು ಬೇಡ ಎಂದು ಬರೆಸಿದ್ದೇ ತಪ್ಪಾಯಿತು, ಬರೆಸದಿದ್ದರೆ ಮಂಜನೂ ರಾಘುವಿನ ಜೊತೆ ಬರುತ್ತಿದ್ದ, ರಾಘು ಶಿವರಾತ್ರಿಯ ಹೊತ್ತಿಗೇ ಬಿಡುಗಡೆಯಾಗಿ ಇಲ್ಲಿಗೆ ಬಂದಿದ್ದ, ನಾನೇ ಅವನನ್ನು ನಿನ್ನ ಹತ್ತಿರ ಬಿಡಲಿಲ್ಲ ಎಂದು. ಬೇಕಾದರೆ ಸಾವಿನ ಸುದ್ದಿಯಷ್ಟನ್ನೇ ಹೇಳಿ ನಿಲ್ಲಿಸಬಹುದಿತ್ತು. ಅದೊಂದನ್ನು ಮಾತ್ರ ಅವಳು ಮಾಡಲಿಲ್ಲ.

ದ್ಯಾವಮ್ಮ ತಲೆ ಎತ್ತಿದಳು. ಬೆನ್ನ ಮೇಲಿದ್ದ ಕೈಯನ್ನು ತೆಗೆದು ಪರಿಮಳಾಳ ಮಡಿಲಿಗೇ ಇಟ್ಟಳು.

"ನಾ ದಿನಾ ಬತ್ತಿದ್ನಲ್ರಾ ಅಕ್ಕೋರೇ," ಎಂದಳು. "ಮೂರು ತಿಂಗ್ಳು ದಿನಾ ಬಂದೀನಿ. ಇಲ್ಲೇ ಕೂತು ಚಾ ಕುಡ್ದೀನಿ."

ದ್ಯಾವಮ್ಮ ಎದ್ದು ಖಾಲಿ ಬುಟ್ಟಿ ತೆಗೆದುಕೊಂಡು ಮನೆಯ ಪಕ್ಕದ ಓಣಿಯಿಂದ ರಸ್ತೆಗೆ ಹೊರಟಳು. ಅವಳಿಗೆ ಊರಿಗೆ ಹೋಗಬೇಕಿತ್ತು. ಬಸ್ ಸ್ಟ್ಯಾಂಡು ರಸ್ತೆಯ ಆಚೆ ಬದಿಗೆ. ಪರಿಮಳಾ ಹಿಂದೆಯೇ ಓಡಿದಳು. ಗೇಟಿನ ಹತ್ತಿರ ಹಗ್ಗ ಹಿಡಿದಿದ್ದ ಪೊಲೀಸನು ಇಬ್ಬರನ್ನೂ ತಡೆದ. ಸಾಹೇಬರು ಹೊರಡುವವರೆಗೆ ಯಾರನ್ನೂ ದಾಟಿಸುವಂತಿಲ್ಲ ಎಂದ. ಪರಿಮಳಾ ತಾನು ಯಾರು ಎಂದು ಹೇಳಿದಳು, ಇವಳ ಮಗ ತೀರಿಹೋಗಿದ್ದಾನೆ, ಇವಳೊಬ್ಬಳನ್ನು ಬಿಡಿ ಎಂದಳು. ಅವನು ಒಳ್ಳೆಯವನೇ, ಮುಖ ಸಣ್ಣ ಮಾಡಿಕೊಂಡ, ಆದರೆ ಬಿಡಲಿಲ್ಲ.

ಹಾಗಾಗಿ ಇಬ್ಬರೂ ಅಲ್ಲೇ ಪಕ್ಕಪಕ್ಕಕ್ಕೆ ನಿಂತರು. ಕಾರಿನ ಹತ್ತಿರ ಜನ ಭಟ್ಟರಿಗೆ ಮಾಲೆ ಹಾಕುತ್ತಿದ್ದರು, ಒಬ್ಬರಾದ ಮೇಲೆ ಒಬ್ಬರು, ಫೋಟೋದವನು ಇನ್ನೊಮ್ಮೆ ಹಾಕಿ ಎನ್ನುತ್ತಿದ್ದ. ದ್ಯಾವಮ್ಮ ಆ ಕಡೆ ನೋಡಲಿಲ್ಲ. ಪರಿಮಳಾ ಒಂದೆರಡು ಸಲ ಅವಳ ಹೆಸರು ಹಿಡಿದು ಕರೆದಳು. ದ್ಯಾವಮ್ಮ ಬುಟ್ಟಿಯನ್ನು ಇಬ್ಬರ ನಡುವೆ ಅಡ್ಡ ಬರುವ ಹಾಗೆ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಕೊನೆಗೆ ಕಾರುಗಳು ಹೊರಟವು. ಮೂರನೆಯ ಕಾರಿನ ಗಾಜಿನ ಒಳಗೆ ಭಟ್ಟರು ಈ ಇಬ್ಬರನ್ನು ಕಂಡು ಎರಡೂ ಕೈ ಜೋಡಿಸಿದರು, ಕಾರು ತಿರುಗುವವರೆಗೂ ಇಳಿಸಲಿಲ್ಲ. ಜನ ಅದು ತಮಗೆಂದು ತಿಳಿದು ಚಪ್ಪಾಳೆ ತಟ್ಟಿದರು.

ಪೊಲೀಸನು ಹಗ್ಗ ಬಿಟ್ಟ. ದ್ಯಾವಮ್ಮ ರಸ್ತೆ ದಾಟಿ ಹೋದಳು. ಅವಳ ಜೊತೆಗೆ ದಾಟುವುದಕ್ಕೆ ಪರಿಮಳಾಳಿಗೆ ಮುಖವಿರಲಿಲ್ಲ.